ಚಿತ್ರಶಾಲೆಗೆ ಕಂಪ್ಯೂಟರ್ ಬಂದಾಗ

ತಲೆಗೂದಲಿನ ದಪ್ಪ ಎಷ್ಟು? ಪ್ರಯೋಗಾಲಯದಲ್ಲಿ ಒಮ್ಮೆಯಾದರೂ ಸ್ಕ್ರೂಗೇಜ್ ಹಿಡಿದ ವಿದ್ಯಾರ್ಥಿ ಥಟ್ಟನೆ ಹೇಳಿಯಾನು: ಸುಮಾರು 70 ಮೈಕ್ರೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹದಿನಾಲ್ಕರಲ್ಲಿ ಒಂದು ಪಾಲು. ಆ ಕೂದಲೆಳೆಯ ಅಡ್ಡಗಲಕ್ಕೆ ಹದಿನಾಲ್ಕು ಚುಕ್ಕೆಗಳನ್ನು ಸಾಲಾಗಿ ಜೋಡಿಸಿದರೆ ಒಂದೊಂದು ಚುಕ್ಕೆ 5 ಮೈಕ್ರೋಮೀಟರ್ ಆಗುತ್ತದೆ. ಇಷ್ಟು ಸಣ್ಣ ಚುಕ್ಕೆಗಳಲ್ಲಿ, ನಾಲ್ಕೂವರೆ ಮೀಟರ್ ಅಗಲದ ಒಂದು ವರ್ಣಚಿತ್ರವನ್ನು ಮೂಲೆಯಿಂದ ಮೂಲೆಗೆ ಸೆರೆಹಿಡಿಯಲು ಸಾಧ್ಯವೆ?

ಸಾಧ್ಯವೆಂದು ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಂ ತೋರಿಸಿಕೊಟ್ಟಿತು. ರೆಂಬ್ರಾಂಟ್ 1642ರಲ್ಲಿ ಬರೆದು ಮುಗಿಸಿದ ‘ನೈಟ್ ವಾಚ್’ ಆ ಸಂಗ್ರಹಾಲಯದ ಕಣ್ಮಣಿ. ನಗರ ಕಾವಲಿನ ದಳವೊಂದು ತನ್ನ ಕ್ಯಾಪ್ಟನ್ನನ ಹಿಂದೆ ಹೊರಟು ನಿಂತ ದೃಶ್ಯ ಅದರಲ್ಲಿದೆ. 2022ರ ಜನವರಿಯಲ್ಲಿ ಪ್ರಕಟವಾದ ಅದರ ಡಿಜಿಟಲ್ ಪ್ರತಿಯಲ್ಲಿ 717 ಶತಕೋಟಿ ಚುಕ್ಕೆಗಳಿವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 71,700 ಕೋಟಿ. ಒಂದೇ ಏಟಿಗೆ ತೆಗೆದ ಫೋಟೊ ಅಲ್ಲ ಇದು. ಅಂಗೈಗಿಂತ ಚಿಕ್ಕದಾದ, 5.5 ಸೆಂಟಿಮೀಟರಿಗೆ 4.1 ಸೆಂಟಿಮೀಟರ್ ಅಳತೆಯ ತುಣುಕುಗಳಾಗಿ 8,439 ಫೋಟೊ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಕೌದಿಯಂತೆ ಹೊಲಿದು ಮಾಡಿದ್ದು. ಕಡತದ ಗಾತ್ರ 5.6 ಟೆರಾಬೈಟ್. ಅಂತರ್ಜಾಲದ ಸಂಪರ್ಕವಿರುವ ಯಾವ ಹಳ್ಳಿಯ ಹುಡುಗಿಯೂ ಇಂದು ಆ ಕ್ಯಾಪ್ಟನ್ನನ ಕಣ್ಣಿನ ಹೊಳಪಿನವರೆಗೆ, ಆ ಹೊಳಪಿನ ಬಣ್ಣ ಒಡೆದ ಬಿರುಕಿನವರೆಗೆ ಹೋಗಿ ನೋಡಬಹುದು. ಟಿಕೆಟ್ ಕೊಂಡು ಚಿತ್ರದ ಎದುರಿಗೇ ನಿಂತವನಿಗೂ ಅಷ್ಟು ಹತ್ತಿರ ಹೋಗಲು ಕಾವಲುಗಾರ ಬಿಡುವುದಿಲ್ಲ!

ಇದರಿಂದಾದ ಲಾಭ ಸಣ್ಣದಲ್ಲ. 2019ರಲ್ಲಿ ಆರಂಭವಾದ ಈ ಅಧ್ಯಯನದಲ್ಲಿ ಕ್ಯಾಮೆರಾದ ಜೊತೆಗೆ ಎಕ್ಸ್-ಕಿರಣ ಪ್ರತಿದೀಪ್ತಿಯ ಉಪಕರಣವನ್ನೂ ಬಳಸಿದರು. ಬಣ್ಣದ ಮೇಲೆ ಎಕ್ಸ್-ಕಿರಣ ಬಿದ್ದಾಗ ಅದರಲ್ಲಿರುವ ಪ್ರತಿಯೊಂದು ಧಾತುವೂ ತನ್ನದೇ ಆದ ಕಿರಣವನ್ನು ಹೊರಸೂಸುತ್ತದೆ. ಸೀಸಕ್ಕೆ ಸೀಸದ ಗುರುತು, ಕ್ಯಾಲ್ಸಿಯಮ್ಮಿಗೆ ಕ್ಯಾಲ್ಸಿಯಮ್ಮಿನ ಗುರುತು. ಹೀಗೆ ಕ್ಯಾಲ್ಸಿಯಂ ಎಲ್ಲೆಲ್ಲಿದೆ ಎಂಬ ನಕ್ಷೆ ತಯಾರಿಸಿದಾಗ, ಮೇಲ್ಪದರದ ಅಡಿಯಲ್ಲಿ ಸೀಮೆಸುಣ್ಣ ಬೆರೆತ ತಿಳಿಬಣ್ಣದಲ್ಲಿ ರೆಂಬ್ರಾಂಟ್ ಎಳೆದಿದ್ದ ಮೊದಲ ಕರಡು ಚಿತ್ರ ಕಾಣಿಸಿತು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದ ಗೆರೆಗಳು ಅವು. ಕುಂಚ ಹಿಡಿದವನು ಎಲ್ಲಿ ಮನಸ್ಸು ಬದಲಾಯಿಸಿದ ಎಂಬುದು ಅಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ಇದ್ದರೂ ಕಲಾ ಇತಿಹಾಸಕಾರರಲ್ಲಿ ಹಲವರು ಹುಬ್ಬು ಗಂಟಿಕ್ಕಿಕೊಂಡಿದ್ದಾರೆ. ಹೊಸದನ್ನು ಕಂಡರೆ ಸಿಡುಕುವ ಹಳೆಯ ಪಂಡಿತರ ಗೊಣಗಾಟ ಎಂದು ಅದನ್ನು ತಳ್ಳಿಹಾಕುವಂತಿಲ್ಲ. ಅವರು ಎತ್ತುವ ಪ್ರಶ್ನೆಗಳಲ್ಲಿ ಕೆಲವಂತೂ ಅಪ್ಪಟ ವಿಜ್ಞಾನದ ಪ್ರಶ್ನೆಗಳು.

ಎಲ್ಲ ಚಿತ್ರವೂ ಅಂಗೈಯಗಲ

ಮೊದಲನೆಯದು ಅಳತೆಯ ಪ್ರಶ್ನೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದ ಒಂದೇ ಕೋಣೆಯಲ್ಲಿ ಎರಡು ಚಿತ್ರಗಳು ಎದುರುಬದುರಾಗಿವೆ. ಒಂದು ಲಿಯೊನಾರ್ಡೊನ ‘ಮೋನಾ ಲಿಸಾ’, ಎತ್ತರ 77 ಸೆಂಟಿಮೀಟರ್, ಅಗಲ 53. ಇನ್ನೊಂದು ವೆರೊನೀಸನ ‘ಕಾನಾ ಊರಿನ ಮದುವೆ’, ಎತ್ತರ 6.77 ಮೀಟರ್, ಅಗಲ ಹೆಚ್ಚುಕಡಿಮೆ 10 ಮೀಟರ್. ಗಣಿತದಲ್ಲಿ ಆಸಕ್ತಿಯಿರುವವರು ಗುಣಿಸಿ ನೋಡಲಿ. ಮದುವೆಯ ಚಿತ್ರದೊಳಗೆ ನೂರ ಅರವತ್ತಕ್ಕೂ ಹೆಚ್ಚು ಮೋನಾ ಲಿಸಾಗಳನ್ನು ಜೋಡಿಸಿಡಬಹುದು. ಆದರೆ ಮೊಬೈಲ್ ಪರದೆಯ ಮೇಲೆ? ಎರಡೂ ಅಂಗೈಯಗಲ. ಪಠ್ಯಪುಸ್ತಕದಲ್ಲಿ ಗೊಮ್ಮಟೇಶ್ವರನೂ ನಾಣ್ಯದ ಮೇಲಿನ ಮುದ್ರೆಯೂ ಒಂದೇ ಚೌಕದಲ್ಲಿ ಅಚ್ಚಾಗಿದ್ದರೆ ಮಗುವಿಗೆ ಏನು ಅರ್ಥವಾದೀತು? ತಲೆಯೆತ್ತಿ ನೋಡುವುದು, ಬಗ್ಗಿ ನೋಡುವುದು, ಹಿಂದಕ್ಕೆ ಹೆಜ್ಜೆ ಇಡುವುದು, ಇವೆಲ್ಲ ನೋಡುವ ಕ್ರಿಯೆಯ ಭಾಗಗಳೇ. ಪರದೆ ಅವನ್ನು ಕಳೆದುಬಿಡುತ್ತದೆ.

ಈ ಮದುವೆಯ ಚಿತ್ರಕ್ಕೇ ಇನ್ನೊಂದು ಕಥೆಯಿದೆ. 1560ರ ದಶಕದ ಆರಂಭದಲ್ಲಿ ವೆನಿಸ್ ನಗರದ ಸಾನ್ ಜೋರ್ಜೊ ಮಜೋರೆ ಮಠದ ಊಟದ ಮನೆಗೆಂದೇ ವೆರೊನೀಸ್ ಅದನ್ನು ಬರೆದದ್ದು. ಸನ್ಯಾಸಿಗಳು ಊಟಕ್ಕೆ ಕುಳಿತರೆ ಎದುರಿನ ಗೋಡೆಯಲ್ಲೂ ಊಟದ ಪಂಕ್ತಿ! 1797ರಲ್ಲಿ ನೆಪೋಲಿಯನ್ನನ ಸೈನ್ಯ ಅದನ್ನು ಕಿತ್ತು ಪ್ಯಾರಿಸಿಗೆ ಸಾಗಿಸಿತು. ಎರಡು ಶತಮಾನಗಳ ನಂತರ ಮ್ಯಾಡ್ರಿಡ್ಡಿನ ಫ್ಯಾಕ್ಟಮ್ ಆರ್ಟೆ ಸಂಸ್ಥೆಯವರು ಲೂವ್ರಿನಲ್ಲಿ ರಾತ್ರಿ ಹೊತ್ತು ಚಿತ್ರವನ್ನು ಸ್ಕ್ಯಾನ್ ಮಾಡಿ, ಕ್ಯಾನ್‌ವಾಸಿನ ಮೇಲೆ ಮೂಲದ ಅಳತೆಯಲ್ಲೇ ಮುದ್ರಿಸಿ, ಕೈಯಿಂದ ತಿದ್ದಿ, 2007ರ ಸೆಪ್ಟೆಂಬರಿನಲ್ಲಿ ಆ ಊಟದ ಮನೆಯ ಖಾಲಿ ಗೋಡೆಗೆ ಏರಿಸಿದರು. ಈಗ ಪ್ಯಾರಿಸಿನಲ್ಲಿ ವೆರೊನೀಸ್ ಮುಟ್ಟಿದ ಬಣ್ಣವಿದೆ, ವೆನಿಸಿನಲ್ಲಿ ಅವನು ಲೆಕ್ಕಹಾಕಿದ ಬೆಳಕು, ಎತ್ತರ, ಗೋಡೆ ಇವೆ. ಯಾವುದು ಹೆಚ್ಚು ನಿಜ? ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲೇ ಒಂದು ಪ್ರಬಂಧ ಬರೆದು, ಯಂತ್ರದಿಂದ ಎಷ್ಟೇ ಚೆನ್ನಾಗಿ ನಕಲು ತೆಗೆದರೂ ಕೃತಿ ಇರುವ ಜಾಗ, ಅದು ಬಾಳಿದ ಕಾಲ ನಕಲಿಗೆ ಬರುವುದಿಲ್ಲ ಎಂದು ವಾದಿಸಿದ್ದ. ವೆನಿಸಿನ ಈ ನಕಲನ್ನು ಅವನು ನೋಡಿದ್ದರೆ ಸ್ವಲ್ಪ ತಲೆ ಕೆರೆದುಕೊಳ್ಳುತ್ತಿದ್ದನೋ ಏನೋ. ಜಾಗಕ್ಕೆ ಬಂದಿರುವುದು ನಕಲು, ಜಾಗ ಬಿಟ್ಟು ಹೋದದ್ದು ಅಸಲು.

ಕತ್ತರಿಸಿದ ಅಂಚು

ಮತ್ತೆ ರೆಂಬ್ರಾಂಟನ ಚಿತ್ರಕ್ಕೆ ಬರೋಣ. ಇಂದು ಕಾಣುವ ‘ನೈಟ್ ವಾಚ್’ ಪೂರ್ತಿ ಚಿತ್ರವಲ್ಲ. 1715ರಲ್ಲಿ ಅದನ್ನು ಆಮ್‌ಸ್ಟರ್‌ಡ್ಯಾಮಿನ ಪುರಭವನಕ್ಕೆ ಸಾಗಿಸಿದಾಗ ಅಲ್ಲಿನ ಗೋಡೆಗೆ ಹಿಡಿಸಲಿಲ್ಲ. ಗೋಡೆಯನ್ನು ಒಡೆಯುವ ಬದಲು ಚಿತ್ರವನ್ನೇ ನಾಲ್ಕೂ ಕಡೆ ಕತ್ತರಿಸಿದರು. ಎಡಕ್ಕೆ ಸುಮಾರು 60 ಸೆಂಟಿಮೀಟರ್, ಮೇಲೆ 22, ಕೆಳಗೆ 12, ಬಲಕ್ಕೆ 7. ಕತ್ತರಿಸಿದ ಪಟ್ಟಿಗಳು ಇಂದಿಗೂ ಸಿಕ್ಕಿಲ್ಲ. ಪುಣ್ಯಕ್ಕೆ, ಕತ್ತರಿ ಬೀಳುವ ಮೊದಲೇ ಗೆರಿಟ್ ಲುಂಡೆನ್ಸ್ ಎಂಬ ಕಲಾವಿದ ಇಡೀ ಚಿತ್ರದ ಚಿಕ್ಕ ನಕಲೊಂದನ್ನು ಬರೆದಿಟ್ಟಿದ್ದ.

ಸಂಗ್ರಹಾಲಯದ ವಿಜ್ಞಾನಿ ರಾಬರ್ಟ್ ಅರ್ಡ್‌ಮನ್ ಈ ನಕಲನ್ನು ಆಧಾರವಾಗಿಟ್ಟುಕೊಂಡು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಳೆದುಹೋದ ಭಾಗಗಳನ್ನು ಮರಳಿ ಕಟ್ಟಿದರು. ಕೆಲಸ ಮೂರು ಹಂತದ್ದು. ಮೊದಲು ಅಸಲಿನ ಪ್ರತಿಯೊಂದು ಬಿಂದುವಿಗೂ ನಕಲಿನ ಬಿಂದುವನ್ನು ತಾಳೆ ಹಾಕುವುದು. ಎರಡನೆಯದಾಗಿ ನಕಲಿನ ವಾರೆಯನ್ನು ಸರಿಪಡಿಸುವುದು. ಮೂರನೆಯದಾಗಿ, ಲುಂಡೆನ್ಸನ ಬಣ್ಣ ಮತ್ತು ಕುಂಚದ ರೀತಿಯನ್ನು ರೆಂಬ್ರಾಂಟನ ರೀತಿಗೆ ಮಾರ್ಪಡಿಸುವುದನ್ನು ಯಂತ್ರಕ್ಕೆ ಕಲಿಸುವುದು. ಎರಡೂ ಚಿತ್ರಗಳಲ್ಲಿ ಇರುವ ಭಾಗಗಳನ್ನೇ ಪಾಠವಾಗಿ ಕೊಟ್ಟು, ಯಂತ್ರ ಬರೆದದ್ದನ್ನು ಅಸಲಿನೊಡನೆ ಹೋಲಿಸಿ ಅಂಕ ಹಾಕುತ್ತಾ ಹೋದರು. ಮನೆಪಾಠ ಎಂದರೂ ನಡೆದೀತು.

2021ರ ಜೂನ್‌ನಲ್ಲಿ ಹೊಸ ಪಟ್ಟಿಗಳನ್ನು ಅಸಲಿಗೆ ತಾಗದಂತೆ ಸುತ್ತಲೂ ಜೋಡಿಸಿ ಮೂರು ತಿಂಗಳು ಪ್ರದರ್ಶನಕ್ಕಿಟ್ಟರು. ಎಡಗಡೆ ಇಬ್ಬರು ಕಾವಲಿನವರೂ ಒಬ್ಬ ಬಾಲಕನೂ ಮರಳಿ ಬಂದಿದ್ದರು. ಅದಕ್ಕಿಂತ ಸೋಜಿಗವೆಂದರೆ, ಕ್ಯಾಪ್ಟನ್ನನೂ ಅವನ ಸಹಾಯಕನೂ ಚಿತ್ರದ ನಟ್ಟನಡುವಿನಿಂದ ಬಲಕ್ಕೆ ಸರಿದರು. ಎದುರಿಗೆ ಖಾಲಿ ಜಾಗ ತೆರೆದುಕೊಂಡಿತು. ನಿಂತಂತಿದ್ದ ದಳ ನಡೆಯತೊಡಗಿತು. ರೆಂಬ್ರಾಂಟ್ ಚಿತ್ರವನ್ನು ಹೀಗೇಕೆ ಹೂಡಿದ ಎಂಬುದು ಮಾತಿನ ವಿವರಣೆಯಿಲ್ಲದೆ ತಿಳಿಯಿತು.

ಇಲ್ಲಿ ಮೆಚ್ಚಬೇಕಾದ ಸಂಗತಿ ಇನ್ನೊಂದಿದೆ. ಮೂರು ತಿಂಗಳಾದ ಮೇಲೆ ಪಟ್ಟಿಗಳನ್ನು ತೆಗೆದರು. ಇದು ನಮ್ಮ ಊಹೆ, ಇದು ಅವನ ಕೆಲಸ ಎಂಬ ಗೆರೆ ಕೊನೆಯವರೆಗೂ ಅಳಿಯಲಿಲ್ಲ. ಈ ಗೆರೆ ಅಳಿದುಹೋದರೆ ಏನಾಗುತ್ತದೆ? ಅದಕ್ಕೆ ವಿಯೆನ್ನಾ ನಗರದ ಕಥೆ ಕೇಳಬೇಕು.

ಮೂರು ಸಂಖ್ಯೆ ಕೂಡಿದರೆ ಹನ್ನೆರಡು

ವಿಯೆನ್ನಾ ವಿಶ್ವವಿದ್ಯಾಲಯದ ಸಭಾಂಗಣದ ಮಾಳಿಗೆಗೆ ಚಿತ್ರ ಬರೆದುಕೊಡಲು 1894ರಲ್ಲಿ ಗುಸ್ತಾಫ್ ಕ್ಲಿಮ್ಟ್‌ಗೆ ಕರೆ ಬಂತು. ‘ತತ್ವಶಾಸ್ತ್ರ’, ‘ವೈದ್ಯಶಾಸ್ತ್ರ’, ‘ನ್ಯಾಯಶಾಸ್ತ್ರ’ ಎಂಬ ಮೂರು ದೊಡ್ಡ ಚಿತ್ರಗಳನ್ನು ಆತ ಬರೆದ. ಮೊದಲನೆಯದನ್ನು ನೋಡಿದ ಕೂಡಲೇ 87 ಪ್ರಾಧ್ಯಾಪಕರು ಸಹಿ ಹಾಕಿ ಪ್ರತಿಭಟಿಸಿದರು. ಜಗಳ ಬೆಳೆದು, 1905ರಲ್ಲಿ ಕ್ಲಿಮ್ಟ್ ಹಣ ಹಿಂತಿರುಗಿಸಿ ಚಿತ್ರಗಳನ್ನು ತಾನೇ ವಾಪಸು ಪಡೆದ. ಮುಂದೆ ಕೈಯಿಂದ ಕೈಗೆ ಹೋದ ಆ ಚಿತ್ರಗಳು ಎರಡನೆಯ ಮಹಾಯುದ್ಧದಲ್ಲಿ ಇಮ್ಮೆನ್‌ಡಾರ್ಫ್ ಎಂಬಲ್ಲಿನ ಕೋಟೆಮನೆ ಸೇರಿದ್ದವು. 1945ರ ಮೇ ತಿಂಗಳಲ್ಲಿ ಆ ಕೋಟೆಮನೆ ಹೊತ್ತಿ ಉರಿಯಿತು. ಮೂರೂ ಬೂದಿಯಾದವು. ಉಳಿದದ್ದು ಕಪ್ಪು-ಬಿಳುಪಿನ ಫೋಟೊಗಳು, ಮತ್ತು ‘ವೈದ್ಯಶಾಸ್ತ್ರ’ದ ಒಂದು ಭಾಗದ ಬಣ್ಣದ ಪ್ರತಿ.

2021ರಲ್ಲಿ ಗೂಗಲ್ ಸಂಸ್ಥೆಯ ಕಲಾ ವಿಭಾಗ, ವಿಯೆನ್ನಾದ ಬೆಲ್ವೆಡೆರ್ ಸಂಗ್ರಹಾಲಯದ ತಜ್ಞ ಫ್ರಾನ್ಜ್ ಸ್ಮೋಲಾ ಅವರ ಜೊತೆ ಸೇರಿ ಈ ಫೋಟೊಗಳಿಗೆ ಬಣ್ಣ ತುಂಬಿಸಿತು. ಕ್ಲಿಮ್ಟ್‌ನ ಉಳಿದ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿದರು. ಚಿತ್ರಗಳನ್ನು ಕಣ್ಣಾರೆ ಕಂಡ ಅಂದಿನ ವಿಮರ್ಶಕರು ಪತ್ರಿಕೆಗಳಲ್ಲಿ ಬರೆದ ಬಣ್ಣದ ವರ್ಣನೆಗಳನ್ನು ಸ್ಮೋಲಾ ಹೆಕ್ಕಿ ತೆಗೆದರು. ಇಂಥ ಕಡೆ ಹಸಿರು, ಇಂಥ ಕಡೆ ಕೆಂಪು ಎಂದು ಸುಳಿವು ಕೊಟ್ಟರು. ಫಲಿತಾಂಶ ನೋಡಲು ಸೊಗಸಾಗಿದೆ. ಜಗತ್ತಿನ ಪತ್ರಿಕೆಗಳು ಕ್ಲಿಮ್ಟ್‌ನ ಚಿತ್ರಗಳು ಮರಳಿ ಬಂದವೆಂದು ಸಂಭ್ರಮಿಸಿದವು.

ಬಂದವೆ? ವಿಜ್ಞಾನದ ಕಣ್ಣಿಂದ ನೋಡಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಬಣ್ಣದ ಒಂದು ಚುಕ್ಕೆಗೆ ಮೂರು ಅಂಕಿ ಬೇಕು: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು. ಕಪ್ಪು-ಬಿಳುಪಿನಲ್ಲಿ ಉಳಿಯುವುದು ಒಂದೇ ಅಂಕಿ, ಬೆಳಕು ಎಷ್ಟು ಎಂಬುದು. ಮೂರು ಸಂಖ್ಯೆಗಳನ್ನು ಕೂಡಿದಾಗ ಹನ್ನೆರಡು ಬಂತು. ಆ ಮೂರು ಸಂಖ್ಯೆಗಳು ಯಾವುವು ಎಂದು ಕೇಳಿದರೆ ಏಳನೇ ತರಗತಿಯ ಹುಡುಗನೂ ನಕ್ಕುಬಿಡುತ್ತಾನೆ. ಮೂರು, ನಾಲ್ಕು, ಐದು ಇರಬಹುದು. ಒಂದು, ಒಂದು, ಹತ್ತೂ ಇರಬಹುದು. ಸಾಲದ್ದಕ್ಕೆ ಆ ಕಾಲದ ಛಾಯಾಫಲಕಗಳಲ್ಲಿ ಹೆಚ್ಚಿನವು ಕೆಂಪು ಬೆಳಕಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಮನೆಯಲ್ಲಿ ಮುತ್ತಜ್ಜಿಯ ಹಳೆಯ ಫೋಟೊ ಇದ್ದರೆ ನೋಡಿ: ಹಣೆಯ ಕೆಂಪು ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಪ್ಪಗೆ ಕಾಣುತ್ತದೆ. ಹಾಗಾದರೆ ಕ್ಲಿಮ್ಟ್‌ನ ಫೋಟೊದಲ್ಲಿ ಕಪ್ಪಾಗಿ ಕಾಣುವುದು ಕಪ್ಪೋ, ಕಡುಗೆಂಪೋ?

ಯಂತ್ರ ಮಾಡುವುದು ಲೆಕ್ಕ ಬಿಡಿಸುವ ಕೆಲಸವಲ್ಲ. ತಾನು ಹಿಂದೆ ನೋಡಿದ ಸಾವಿರಾರು ಚಿತ್ರಗಳ ಬಲದ ಮೇಲೆ, ಇಂಥಲ್ಲಿ ಇಂಥ ಬಣ್ಣ ಇರುವ ಸಂಭವ ಹೆಚ್ಚು ಎಂದು ಊಹಿಸುವ ಕೆಲಸ. ಆದರೆ ಕಲಾವಿದ ದೊಡ್ಡವನಾಗುವುದೇ ಸಂಭವ ಕಡಿಮೆ ಇದ್ದದ್ದನ್ನು ಮಾಡಿದಾಗ. ಆ 87 ಪ್ರಾಧ್ಯಾಪಕರು ಸಿಟ್ಟಿಗೆದ್ದದ್ದು ಕ್ಲಿಮ್ಟ್ ಎಲ್ಲರ ನಿರೀಕ್ಷೆಯಂತೆ ಬರೆಯಲಿಲ್ಲ ಎಂಬ ಕಾರಣಕ್ಕೇ ಅಲ್ಲವೆ? ಈ ಬಣ್ಣದ ಪ್ರತಿಗಳನ್ನು ‘ಒಂದು ಊಹೆ’ ಎಂಬ ಚೀಟಿಯೊಡನೆ ತೋರಿಸಿದರೆ ಯಾರದೂ ತಕರಾರಿಲ್ಲ. ಚೀಟಿ ಬಿದ್ದುಹೋಗಿ, ಇನ್ನು ಇಪ್ಪತ್ತು ವರ್ಷಗಳಲ್ಲಿ ಪಠ್ಯಪುಸ್ತಕದಲ್ಲಿ ‘ಕ್ಲಿಮ್ಟ್‌ನ ಚಿತ್ರ’ ಎಂದೇ ಅಚ್ಚಾದರೆ? ಅಂತರ್ಜಾಲದಲ್ಲಿ ಚೀಟಿಗಳು ಬಹಳ ಬೇಗ ಬಿದ್ದುಹೋಗುತ್ತವೆ ಎಂಬುದು ಎಲ್ಲರೂ ಕಂಡದ್ದೇ.

ಎರಡು ಯಂತ್ರ, ಎರಡು ತೀರ್ಪು

ಚಿತ್ರ ಯಾರದು ಎಂದು ಹೇಳುವುದು ಕಲಾ ಇತಿಹಾಸದ ಹಳೆಯ ಕಸುಬು. ಇಲ್ಲಿ ದುಡ್ಡಿನ ಮಾತೂ ಇದೆ. ರಾಫೆಲ್ ಬರೆದದ್ದಾದರೆ ಕೋಟಿ ಕೋಟಿ, ಅವನ ಅನುಕರಣೆಯಾದರೆ ಅದರ ಚಿಲ್ಲರೆ. ಇಂಗ್ಲೆಂಡಿನಲ್ಲಿ ‘ದ ಬ್ರೆಸಿ ಟೊಂಡೊ’ ಎಂದು ಕರೆಯುವ ಒಂದು ದುಂಡನೆಯ ಚಿತ್ರವಿದೆ. ಅದರಲ್ಲಿ ಮಗುವನ್ನು ಎತ್ತಿಕೊಂಡ ಮೇರಿ ಮಾತೆ. ಜರ್ಮನಿಯ ಡ್ರೆಸ್‌ಡೆನ್ ನಗರದಲ್ಲಿರುವ ರಾಫೆಲ್‌ನ ಪ್ರಸಿದ್ಧ ‘ಸಿಸ್ಟೈನ್ ಮಡೋನಾ’ದ ಮುಖಗಳೇ ಇಲ್ಲಿಯೂ ಕಾಣುತ್ತವೆ. ಇದು ರಾಫೆಲ್‌ನದೋ, ಯಾರೋ ಮಾಡಿದ ನಕಲೋ?

2023ರ ಜನವರಿಯಲ್ಲಿ ಬ್ರಾಡ್‌ಫರ್ಡ್ ಮತ್ತು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಗಳ ಸಂಶೋಧಕರು, ಮುಖ ಗುರುತಿಸುವ ತಂತ್ರಾಂಶದಿಂದ ಎರಡೂ ಚಿತ್ರಗಳನ್ನು ಹೋಲಿಸಿ ಫಲಿತಾಂಶ ಪ್ರಕಟಿಸಿದರು. ತಾಯಿಯ ಮುಖಗಳಲ್ಲಿ ಶೇಕಡಾ 97, ಮಗುವಿನ ಮುಖಗಳಲ್ಲಿ ಶೇಕಡಾ 86ರಷ್ಟು ಹೋಲಿಕೆ. ಆದ್ದರಿಂದ ಎರಡನ್ನೂ ಬರೆದವನು ಒಬ್ಬನೇ ಇರುವ ಸಾಧ್ಯತೆ ಬಹಳ ಹೆಚ್ಚು ಎಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಆರ್ಟ್ ರೆಕಗ್ನಿಷನ್ ಎಂಬ ಸಂಸ್ಥೆಯ ಕೃತಕ ಬುದ್ಧಿಮತ್ತೆ ಅದೇ ಚಿತ್ರವನ್ನು ಪರಿಶೀಲಿಸಿ, ಇದು ರಾಫೆಲ್‌ನದಲ್ಲ ಎಂಬುದಕ್ಕೆ ಶೇಕಡಾ 85ರ ಸಂಭವ ಎಂದಿತು. ಯಂತ್ರಕ್ಕೆ ಪಕ್ಷಪಾತವಿಲ್ಲ, ಅದು ಹೇಳಿದ್ದೇ ಕೊನೆ ಎಂದು ನಂಬಿದವರಿಗೆ ಪೇಚಾಟಕ್ಕಿಟ್ಟುಕೊಂಡಿತು.

ಅಸಲಿಗೆ ಎರಡು ಯಂತ್ರಗಳೂ ಸುಳ್ಳು ಹೇಳಿರಬೇಕಾಗಿಲ್ಲ. ಒಂದು ಅಳೆದದ್ದು ಮುಖಗಳ ಹೋಲಿಕೆಯನ್ನು. ಇನ್ನೊಂದು ತೂಗಿದ್ದು ರಾಫೆಲ್‌ನ ಕೈಬರಹ ಎನ್ನಬಹುದಾದ ಶೈಲಿಯನ್ನು. ಕೇಳಿದ ಪ್ರಶ್ನೆಗಳೇ ಬೇರೆ. ನಕಲುಗಾರ ತನ್ನ ಕಸುಬಿನಲ್ಲಿ ನಿಪುಣನಾಗಿದ್ದರೆ ಮುಖ ಶೇಕಡಾ 97 ಹೋಲಲೇಬೇಕಲ್ಲ! ಹೋಲಿಕೆ ಹೆಚ್ಚಾದಷ್ಟೂ ಒಬ್ಬನೇ ಬರೆದ ಎನ್ನಬಹುದು, ಅಥವಾ ಚೆನ್ನಾಗಿ ನಕಲು ಮಾಡಿದ ಎನ್ನಬಹುದು; ಅಂಕಿಯೊಂದೇ ಈ ಎರಡರಲ್ಲಿ ಯಾವುದೆಂದು ಹೇಳಲಾರದು. ಪರೀಕ್ಷೆಯಲ್ಲಿ ಅಕ್ಕಪಕ್ಕದ ಬೆಂಚಿನ ಇಬ್ಬರು ಅಕ್ಷರಕ್ಕಕ್ಷರ ಒಂದೇ ಉತ್ತರ ಬರೆದಾಗ ಮೇಷ್ಟರು ಇಬ್ಬರೂ ಒಬ್ಬನೇ ಎಂದು ತೀರ್ಮಾನಿಸುವುದಿಲ್ಲ.

ಈ ಮಾತನ್ನು ಇನ್ನೂ ಹಿಗ್ಗಿಸಿ ನೋಡಿದವರು ಅಮೆರಿಕದ ವಿದ್ವಾಂಸೆ ಯೊಹಾನಾ ಡ್ರಕರ್. 2013ರ ಒಂದು ಲೇಖನದಲ್ಲಿ ಅವರು, ಚಿತ್ರಗಳನ್ನು ಕಂಪ್ಯೂಟರಿಗೆ ತುಂಬಿ ಅನುಕೂಲ ಮಾಡಿಕೊಳ್ಳುವುದು ಬೇರೆ, ಕಂಪ್ಯೂಟರಿನ ಲೆಕ್ಕಾಚಾರದಿಂದ ಹೊಸ ಅರಿವನ್ನು ಪಡೆಯುವುದು ಬೇರೆ ಎಂದು ಗೆರೆ ಎಳೆದರು. ಮೊದಲನೆಯದು ಬೇಕಾದಷ್ಟು ಆಗಿದೆ. ಎರಡನೆಯದು ಎಲ್ಲಿ ಎಂಬುದು ಅವರ ಪ್ರಶ್ನೆ. ಕ್ಲೇರ್ ಬಿಷಪ್ ಎಂಬ ಇನ್ನೊಬ್ಬ ಇತಿಹಾಸಕಾರ್ತಿ ಇನ್ನೂ ಖಾರ. ಸಾವಿರಾರು ಚಿತ್ರಗಳ ಬಣ್ಣ, ಹೊಳಪು ಎಣಿಸಿ ನಕ್ಷೆ ಬಿಡಿಸುವುದರಿಂದ ಇತಿಹಾಸ ಹುಟ್ಟುವುದಿಲ್ಲ ಎಂಬುದು ಅವರ ವಾದ. ಸ್ವಲ್ಪ ಅತಿಯಾಯಿತು ಎನ್ನಿಸುತ್ತದೆ. ಎಣಿಕೆಯಿಂದ ಖಗೋಳಶಾಸ್ತ್ರವೇ ಹುಟ್ಟಿದೆ. ಆದರೆ ನಕ್ಷತ್ರಗಳನ್ನು ಎಣಿಸುವವರು ಮೊದಲು ಆಕಾಶದ ಯಾವ ಭಾಗ ತಮ್ಮ ದೂರದರ್ಶಕಕ್ಕೆ ಕಾಣುತ್ತಿಲ್ಲ ಎಂದು ಬರೆದಿಟ್ಟುಕೊಳ್ಳುತ್ತಾರೆ. 2018ರ ಜನವರಿಯಲ್ಲಿ ಮುಖದ ಫೋಟೊ ಕೊಟ್ಟರೆ ಹೋಲುವ ವರ್ಣಚಿತ್ರ ತೋರಿಸುವ ಗೂಗಲ್‌ನ ಆಟವೊಂದು ಜನಪ್ರಿಯವಾಯಿತು. ಬಿಳಿಯರಿಗೆ ರಾಜರು, ಶ್ರೀಮಂತರು, ಕವಿಗಳು ಬಗೆಬಗೆಯಾಗಿ ಸಿಕ್ಕರು. ಏಷ್ಯಾ, ಆಫ್ರಿಕಾ ಮೂಲದವರಲ್ಲಿ ಹಲವರಿಗೆ ಸುತ್ತಿ ಸುಳಿದು ಅವೇ ಕೆಲವು ಮುಖಗಳು. ಸಂಗ್ರಹದಲ್ಲಿ ಯುರೋಪಿನ ಚಿತ್ರಗಳೇ ತುಂಬಿದ್ದವು, ಅಷ್ಟೆ. ಕಣಜದಲ್ಲಿ ಇಲ್ಲದ ಕಾಳು ಮೊರಕ್ಕೆ ಎಲ್ಲಿಂದ ಬಂದೀತು?

ನಕಲು ಯಾರ ಸೊತ್ತು?

ಇನ್ನು ಒಡೆತನದ ಪ್ರಶ್ನೆ. ಈಜಿಪ್ಟಿನ ರಾಣಿ ನೆಫರ್ತೀತಿಯ ಎದೆಮಟ್ಟದ ಬಣ್ಣದ ಶಿಲ್ಪ 1912ರ ಡಿಸೆಂಬರಿನಲ್ಲಿ ಅಮಾರ್ನಾದಲ್ಲಿ ಜರ್ಮನಿಯ ಉತ್ಖನನಕಾರರಿಗೆ ಸಿಕ್ಕಿತು. ಈಗ ಅದು ಬರ್ಲಿನ್ನಿನಲ್ಲಿದೆ. ತನಗೆ ಮರಳಿಸಬೇಕೆಂದು ಈಜಿಪ್ಟ್ ಕೇಳುತ್ತಲೇ ಬಂದಿದೆ. 2015ರ ಕೊನೆಯಲ್ಲಿ ಇಬ್ಬರು ಕಲಾವಿದರು, ತಾವು ಸಂಗ್ರಹಾಲಯದೊಳಗೆ ಗುಟ್ಟಾಗಿ ಶಿಲ್ಪವನ್ನು ಸ್ಕ್ಯಾನ್ ಮಾಡಿದ್ದಾಗಿ ಹೇಳಿ, ಅದರ ಮೂರು ಆಯಾಮದ ಕಡತವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕೈಯಲ್ಲಿ ಹಿಡಿಯುವ ಅಂಥ ಉಪಕರಣದಿಂದ ಅಷ್ಟು ನಿಖರವಾದ ಕಡತ ಬರಲಾರದು, ಸಂಗ್ರಹಾಲಯದ್ದೇ ಕಡತ ಹೇಗೋ ಹೊರಬಿದ್ದಿರಬೇಕು ಎಂದು ತಂತ್ರಜ್ಞರು ಸಂಶಯಪಟ್ಟರು. ಹಾಗೊಂದು ಕಡತ ಇದ್ದದ್ದಂತೂ ನಿಜ. ಮಾಹಿತಿ ಹಕ್ಕಿನ ಕಾನೂನು ಹಿಡಿದು ಅಮೆರಿಕದ ಕಲಾವಿದರೊಬ್ಬರು ಮೂರು ವರ್ಷ ಪಟ್ಟು ಬಿಡದೆ ಕೇಳಿದ ಮೇಲೆ ಸಂಗ್ರಹಾಲಯ ಅದನ್ನು ಕೊಟ್ಟಿತು. 2019ರಲ್ಲಿ ಅದು ಬಹಿರಂಗವಾದಾಗ ರಾಣಿಯ ಶಿಲ್ಪದ ತಳದಲ್ಲಿ, ಇದನ್ನು ವ್ಯಾಪಾರಕ್ಕೆ ಬಳಸಕೂಡದೆಂಬ ಪರವಾನಗಿಯ ಷರತ್ತು ಕೆತ್ತಿತ್ತು! ಮೂರು ಸಾವಿರ ವರ್ಷಕ್ಕೂ ಹಿಂದೆ ಸತ್ತ ಶಿಲ್ಪಿಯ ಕೆಲಸಕ್ಕೆ ಇಪ್ಪತ್ತೊಂದನೇ ಶತಮಾನದ ಷರತ್ತು. ಅತ್ತ ಈಜಿಪ್ಟಿನವರ ಪಾಲಿಗೆ ಕಡತ ಸಿಕ್ಕರೂ ಅದು ಕನ್ನಡಿಯೊಳಗಿನ ಗಂಟೇ.

ಎಲ್ಲ ಸಂಗ್ರಹಾಲಯಗಳೂ ಹೀಗೆ ಬಿಗಿ ಮುಷ್ಟಿಯವಲ್ಲ. ಹಕ್ಕುಸ್ವಾಮ್ಯ ಮುಗಿದ ಚಿತ್ರದ ಪಡಿಯಚ್ಚಿನಂಥ ಫೋಟೊಗೆ ಹೊಸ ಹಕ್ಕುಸ್ವಾಮ್ಯ ಇಲ್ಲ ಎಂದು ಅಮೆರಿಕದ ನ್ಯಾಯಾಲಯವೊಂದು 1999ರಲ್ಲೇ ತೀರ್ಪಿತ್ತಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ತೆರೆದಿಟ್ಟಿತು. ಶಾಲೆಯ ಭಿತ್ತಿಪತ್ರಿಕೆಗೆ ಚಿತ್ರ ಹುಡುಕುವ ಮಕ್ಕಳಿಗೆ ಇದೊಂದು ಅಕ್ಷಯಪಾತ್ರೆ. ಕಂಪ್ಯೂಟರಿನಲ್ಲಿ ದಾಖಲಿಸದೆ ಇರುವುದರ ಕೇಡನ್ನೂ ಜಗತ್ತು ಕಂಡಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಸುಮಾರು 2,000 ವಸ್ತುಗಳು ಕಾಣೆಯಾದವೋ ಹಾಳಾದವೋ ಆಗಿವೆ ಎಂಬುದು 2023ರಲ್ಲಿ ಬಯಲಾಯಿತು. ಅವುಗಳಲ್ಲಿ ಹಲವಕ್ಕೆ ಸರಿಯಾದ ದಾಖಲೆಯೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಳೆದುಹೋಗಿದೆ ಎಂದು ಯಾರಿಗೆ ತಿಳಿಯಬೇಕು? ಪ್ಯಾರಿಸಿನ ನೋತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದಾಗ, ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರ ಅದಕ್ಕೂ ಸುಮಾರು ಒಂಬತ್ತು ವರ್ಷ ಮೊದಲು ಲೇಸರ್ ಕಿರಣದಿಂದ ಅಳೆದಿಟ್ಟಿದ್ದ ನೂರು ಕೋಟಿಗೂ ಹೆಚ್ಚು ಬಿಂದುಗಳು ದುರಸ್ತಿಯವರ ಕೈಗೆ ಆಧಾರವಾದವು. ಬೆಂಕಿ ಬೀಳುವುದಕ್ಕೆ ಕೆಲವೇ ತಿಂಗಳ ಮೊದಲು ಆತ ತೀರಿಕೊಂಡಿದ್ದ.

ಒಂಬೈನೂರು ವರ್ಷದ ಪುಸ್ತಕ, ಹದಿನೈದು ವರ್ಷದ ತಟ್ಟೆ

ಡಿಜಿಟಲ್ ಎಂದರೆ ಶಾಶ್ವತ ಎಂಬ ನಂಬಿಕೆಗೆ ಇಂಗ್ಲೆಂಡಿನ ಮಕ್ಕಳು ಒಳ್ಳೆಯ ಉತ್ತರ ಕೊಡಬಲ್ಲರು. ಅಲ್ಲಿನ ರಾಜ ವಿಲಿಯಂ 1086ರಲ್ಲಿ ದೇಶದ ಹೊಲ, ಮನೆ, ಗಿರಣಿಗಳನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ ‘ಡೂಮ್ಸ್‌ಡೇ’ ಎಂಬ ದಫ್ತರವಿದೆ. ಅದರ 900ನೇ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಯೋಜನೆ ಹಾಕಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರಿನ ಫೋಟೊ ತೆಗೆದು, ದಿನಚರಿ ಬರೆದು ಕಳಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಎಲ್ಲವನ್ನೂ ಅಂದಿನ ಅತ್ಯಾಧುನಿಕ ಲೇಸರ್ ತಟ್ಟೆಗಳಲ್ಲಿ ತುಂಬಿದರು.

ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಗಳನ್ನು ಓದುವ ಯಂತ್ರ ದುರ್ಲಭವಾಯಿತು. ತಟ್ಟೆ ಚೆನ್ನಾಗಿತ್ತು, ಓದುವ ಬಾಯಿ ಕಟ್ಟಿಹೋಗಿತ್ತು. 1086ರ ಕುರಿಚರ್ಮದ ಹಾಳೆಗಳನ್ನಾದರೋ ಲ್ಯಾಟಿನ್ ಬಲ್ಲ ಯಾರೂ ಬಿಸಿಲಲ್ಲಿ ಕುಳಿತು ಓದಬಹುದಿತ್ತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಹಳೆಯ ಯಂತ್ರದಂತೆಯೇ ವರ್ತಿಸುವ ತಂತ್ರಾಂಶ ಬರೆದು ಆ ಮಾಹಿತಿಯನ್ನು ಬದುಕಿಸಿದರು. ಮನೆಯಲ್ಲಿ ಮಗನ ನಾಮಕರಣದ ಫ್ಲಾಪಿಯೋ ಸಿ.ಡಿ.ಯೋ ಇಟ್ಟುಕೊಂಡಿರುವ ತಂದೆತಾಯಂದಿರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.

ಕಲ್ಲು ಮತ್ತು ಕಡತ

ಕರ್ನಾಟಕದಲ್ಲಿ ಈ ಚರ್ಚೆ ವರ್ಣಚಿತ್ರಕ್ಕಿಂತ ಹೆಚ್ಚಾಗಿ ಕಲ್ಲಿಗೆ ಅನ್ವಯಿಸುತ್ತದೆ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ದಾಖಲಿಸಿದ ಬೆಂಗಳೂರು ಸೀಮೆಯ ಶಾಸನಗಳಲ್ಲಿ ಹಲವು ರಸ್ತೆ, ಚರಂಡಿ, ಬಡಾವಣೆಗಳ ಅಡಿಯಲ್ಲಿ ಮಾಯವಾಗಿವೆ. ಮತ್ತೆ ಕೆಲವು ಅದೇ ಚರಂಡಿಯಿಂದ ಮೇಲೆ ಬಂದದ್ದೂ ಉಂಟು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು.

ಮಿಥಿಕ್ ಸೊಸೈಟಿ 2021ರಿಂದ ಈ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಹಿಡಿದಿದೆ. ಮೊದಲೆಲ್ಲ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಬ್ರಷ್ಷಿನಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುತ್ತಿದ್ದರು. ಸವೆದ ಅಕ್ಷರ ಅದರಲ್ಲಿ ಮೂಡುವುದು ಕಷ್ಟ. ಸ್ಕ್ಯಾನರು ಕಲ್ಲಿನ ಉಬ್ಬುತಗ್ಗನ್ನು ಬಿಂದುಬಿಂದುವಾಗಿ ಅಳೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದ ದಿಕ್ಕಿನಿಂದ ಬೆಳಕು ಹಾಯಿಸಿ ನೋಡಬಹುದು. ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಅಕ್ಷರ ಎದ್ದು ಕಾಣುವ ಹಾಗೆ, ಕಣ್ಣಿಗೆ ಕಾಣದ ಗೀರು ಕೂಡ ನೆರಳು ಚೆಲ್ಲುತ್ತದೆ. ಚೊಕ್ಕವಾದ ಉಪಾಯ. ಸರಿಯಾಗಿ ಬಳಸಿದ ತಂತ್ರಜ್ಞಾನ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಇರುವ ಅಪಾಯ ಒಂದೇ. ಕಡತ ಭದ್ರವಾಗಿದೆಯಲ್ಲ, ಇನ್ನು ಕಲ್ಲು ಹೋದರೇನು ಎಂದು ರಸ್ತೆ ಅಗೆಯುವವರಿಗೆ ಅನ್ನಿಸಿಬಿಡಬಾರದು.

ಕಲ್ಲಿಗೂ ಅದರ ಜಾಗಕ್ಕೂ ಇರುವ ನಂಟು ಎಂಥದೆಂದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ತಾನೇ ಹೇಳುತ್ತದೆ. ಹತ್ತನೇ ಶತಮಾನದ ಈ ವೀರಗಲ್ಲು ಕಾಳಿ ಎಂಬ ನಾಯಿಯದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕೋ ಕೇಳು ಎಂದು ಒಡೆಯ ಹೇಳಿದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಆ ನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕಲ್ಲಿನ ಮೇಲೆ ಕೆತ್ತಿದೆ. ಆ ಕಲ್ಲು ಊರು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಮೊಬೈಲ್ ಪರದೆಯ ಮೇಲೂ ಅದರ ಚಿತ್ರ ಈಗ ಸಿಗುತ್ತದೆ. ಶಾಸನದಲ್ಲಿ ಮಾತ್ರ ಊರಿನ ದೇವಾಲಯದ ಗೊರವನಿಗೆ ಕೊಟ್ಟ ಒಂದು ಕಟ್ಟಪ್ಪಣೆ ಹಾಗೆಯೇ ಇದೆ: ಈ ಕಲ್ಲಿಗೆ ಪೂಜೆ ಮಾಡದೆ ಆತ ಊಟಕ್ಕೆ ಕೂರುವಂತಿಲ್ಲ.